ಮುಡಿಪಿನ ಗಂಟು ಮತ್ತು ಏಳು ಬೆಟ್ಟದ ದಾರಿ

ಕನ್ನಡ ನಾಡಿನ ಹಳೆಯ ಮನೆಗಳಲ್ಲಿ, ದೇವರ ಗೂಡಿನ ಒಂದು ಮೂಲೆಯಲ್ಲಿ, ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಪುಟ್ಟ ಗಂಟೊಂದು ಇರುತ್ತಿತ್ತು. ಮಗುವಿಗೆ ಜ್ವರ ಏರಿದಾಗ, ಮಗಳ ಮದುವೆ ಕೂಡಿ ಬರದಿದ್ದಾಗ, ಮಳೆ ಕೈಕೊಟ್ಟಾಗ ಮನೆಯ ಹೆಂಗಸು ಸ್ನಾನ ಮಾಡಿ ಬಂದು ಆ ಗಂಟಿಗೆ ಒಂದು ಕಾಸು ಸೇರಿಸಿ ಕೈಮುಗಿಯುತ್ತಿದ್ದಳು. ಅದು ತಿರುಪತಿ ತಿಮ್ಮಪ್ಪನ ಮುಡಿಪು. ಎಂತಹ ಬಡತನದಲ್ಲೂ ಆ ಗಂಟಿಗೆ ಕೈ ಹಾಕುವಂತಿರಲಿಲ್ಲ. ಕೋಲಾರ ಸೀಮೆಯ ನನ್ನ ತವರುಮನೆಯಲ್ಲಿ ಅಜ್ಜಿ ಹೇಳುತ್ತಿದ್ದ ಮಾತು ಇನ್ನೂ ಕಿವಿಯಲ್ಲಿದೆ: "ಮುಡಿಪು ಬಿಚ್ಚಿ ಎಣಿಸಬಾರದು ಮಗಾ. ಎಷ್ಟಿದೆ ಅಂತ ಅವನಿಗೆ ಗೊತ್ತು."

ಮುಡಿ ಎಂದರೆ ಕಟ್ಟು, ಗಂಟು. ದಕ್ಷಿಣ ಕನ್ನಡದಲ್ಲಿ ಒಣಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಯ ಮೂಟೆಗೂ ಮುಡಿ ಎಂದೇ ಹೆಸರು. ದೇವರ ಹೆಸರಿನಲ್ಲಿ ಕಟ್ಟಿಟ್ಟದ್ದು ಮುಡಿಪು. ಮುಂದೆ ಆ ಪದವೇ ಬೆಳೆದು, ನಾಡಿಗಾಗಿ ದುಡಿದವರನ್ನು ಕುರಿತು 'ಬಾಳನ್ನೇ ಮುಡಿಪಾಗಿಟ್ಟರು' ಎಂದು ನಾವು ಹೇಳುವಂತಾಯಿತು. ಇಷ್ಟು ದೊಡ್ಡ ಅರ್ಥವನ್ನು ಹೊತ್ತಿರುವ ಮಾತು ಹುಟ್ಟಿದ್ದು ಅಡುಗೆಮನೆಯ ಪಕ್ಕದ ದೇವರ ಗೂಡಿನಲ್ಲಿ ಎಂಬುದು ಗಮನಿಸತಕ್ಕ ಸಂಗತಿ.

ತಿರುಮಲೆಯ ಇತಿಹಾಸವನ್ನು ಬರೆದವರು ಅರಸರ ಕಿರೀಟಗಳನ್ನೂ ದತ್ತಿಯ ಗ್ರಾಮಗಳನ್ನೂ ಲೆಕ್ಕವಿಟ್ಟು ಬರೆದಿದ್ದಾರೆ. ಅದು ಸಹಜವೇ, ಕಲ್ಲಿನ ಮೇಲೆ ಉಳಿದಿರುವುದು ಅದೇ. ಆದರೆ ಆ ಶಾಸನಗಳನ್ನು ಮುಡಿಪಿನ ಗಂಟಿನ ಪಕ್ಕದಲ್ಲಿಟ್ಟು ಓದಿದಾಗ ಬೇರೊಂದು ಅರ್ಥ ತೆರೆದುಕೊಳ್ಳುತ್ತದೆ. ಬೆಟ್ಟದ ಮೇಲೆ ಸದಾ ನಿಲ್ಲಲಾರದವರು ತಮ್ಮ ಪರವಾಗಿ ಏನನ್ನಾದರೂ ಅಲ್ಲಿ ನಿಲ್ಲಿಸಿ ಬರಲು ಪಟ್ಟ ಆಸೆಯೇ ಆ ಕೊಡುಗೆಗಳ ಒಳಗಿನ ಕಥೆ. ಊರು ಬಿಟ್ಟು ದೂರದಲ್ಲಿ ಬಾಳುವ ನಮಗೆ ಆ ಆಸೆ ಬೇಗ ಅರ್ಥವಾಗುತ್ತದೆ.

ಸಾಮವೈಯ ಬೆಳ್ಳಿಯ ಮೂರ್ತಿ

ತಿರುಮಲೆ ತಿರುಪತಿಗಳಲ್ಲಿ ಸಾವಿರಕ್ಕೂ ಹೆಚ್ಚು ಶಾಸನಗಳು ದೊರೆತಿವೆ. ಬಹುಪಾಲು ತಮಿಳಿನವು, ತೆಲುಗು, ಕನ್ನಡ, ಸಂಸ್ಕೃತದವೂ ಉಂಟು. ಅವುಗಳಲ್ಲಿ ಬಹಳ ಹಳೆಯವೂ ಬಹಳ ಪ್ರಸಿದ್ಧವೂ ಆದವು ಒಬ್ಬ ಹೆಂಗಸಿನವು. ಆಕೆ ಪಲ್ಲವ ವಂಶದ ಸಾಮವೈ. ಕ್ರಿ.ಶ. 966ರದೆಂದು ಸಾಮಾನ್ಯವಾಗಿ ಹೇಳಲಾಗುವ ಆ ಶಾಸನಗಳ ಪ್ರಕಾರ ಆಕೆ ಬೆಳ್ಳಿಯ ಒಂದು ಮೂರ್ತಿಯನ್ನು ಮಾಡಿಸಿ, ಅದಕ್ಕೆ ಒಡವೆಗಳನ್ನು ತೊಡಿಸಿ, ನೈವೇದ್ಯಕ್ಕೂ ದೀಪಕ್ಕೂ ಉತ್ಸವಕ್ಕೂ ಭೂಮಿಯನ್ನು ಬಿಟ್ಟುಕೊಟ್ಟಳು. ಇಂದು ಭೋಗ ಶ್ರೀನಿವಾಸ ಎಂದು ಕರೆಯುವ ಮೂರ್ತಿ ಅದೇ.

ಗರ್ಭಗುಡಿಯ ಮೂಲವಿಗ್ರಹ ಅಚಲವಾದದ್ದು. ಅದಕ್ಕೆ ನಿತ್ಯವೂ ಅಭಿಷೇಕ ಮಾಡುವ ಪದ್ಧತಿಯಿಲ್ಲ. ಆದ್ದರಿಂದ ದಿನದಿನದ ಸ್ನಾನ ನಡೆಯುವುದು ಈ ಪುಟ್ಟ ಬೆಳ್ಳಿಯ ಮೂರ್ತಿಗೆ. ರಾತ್ರಿ ಏಕಾಂತ ಸೇವೆಯಲ್ಲಿ ತೂಗುಮಂಚದ ಮೇಲೆ ಪವಡಿಸುವುದೂ ಧನುರ್ಮಾಸವೊಂದನ್ನು ಬಿಟ್ಟರೆ ಇದೇ ಮೂರ್ತಿ. ಅಂದರೆ ದೇವರಿಗೇ ಒಬ್ಬ ಪ್ರತಿನಿಧಿಯನ್ನು ಒದಗಿಸಿದ ಪುಣ್ಯ ಸಾಮವೈಯದು. ಸ್ನಾನ, ನಿದ್ರೆ, ಹಾಲು: ಮನೆಯ ಮಗುವಿಗೆ ತಾಯಿ ಮಾಡುವ ಉಪಚಾರವನ್ನೇ ಆಕೆ ದೇವರಿಗೆ ಶಾಶ್ವತವಾಗಿ ಕಲ್ಪಿಸಿದಳು. ಆಕೆಯ ಕಾಲದ ಎಷ್ಟೋ ವಿಜಯಗಳ ನೆನಪು ಅಳಿದುಹೋಗಿದ್ದರೂ ಆಕೆ ಕೊಟ್ಟ ಬೆಳ್ಳಿಗೆ ಇಂದು ಬೆಳಿಗ್ಗೆಯೂ ಸ್ನಾನವಾಗಿದೆ.

ದೇವರೂ ಪರಸ್ಥಳದಲ್ಲಿದ್ದ ಕಾಲ

14ನೆಯ ಶತಮಾನದಲ್ಲಿ ತಿರುಮಲೆ ಒಂದು ಆಶ್ರಯಸ್ಥಾನವೂ ಆಯಿತು. 1323ರಲ್ಲಿ ದೆಹಲಿಯ ಸೈನ್ಯ ಶ್ರೀರಂಗದ ಮೇಲೆ ಬಿದ್ದಾಗ ಅಲ್ಲಿನ ಉತ್ಸವಮೂರ್ತಿಯನ್ನು ಭಕ್ತರು ಹೊತ್ತು ಹೊರಟರು. ಊರೂರು ಅಲೆದ ರಂಗನಾಥ ತಿರುಮಲೆಯಲ್ಲಿ ಬಹುಕಾಲ ಉಳಿದ. ಆ ಮೂರ್ತಿಯನ್ನು ಇಟ್ಟಿದ್ದರೆನ್ನುವ ಮಂಟಪಕ್ಕೆ ಇಂದಿಗೂ ರಂಗನಾಯಕ ಮಂಟಪವೆಂದೇ ಹೆಸರು. ವಿಜಯನಗರದ ಬುಕ್ಕರಾಯನ ಮಗ ಕುಮಾರ ಕಂಪಣ ತಮಿಳು ನಾಡನ್ನು ಗೆದ್ದ ಬಳಿಕ, ಅವನ ಅಧಿಕಾರಿ ಗೋಪಣ್ಣ 1371ರಲ್ಲಿ ರಂಗನಾಥನನ್ನು ಮತ್ತೆ ಶ್ರೀರಂಗಕ್ಕೆ ತಲುಪಿಸಿದ. ಹೊರಟು ಮರಳುವ ನಡುವೆ ಸುಮಾರು ಅರ್ಧ ಶತಮಾನ ಕಳೆದಿತ್ತು.

1990ರ ಆಗಸ್ಟ್ ತಿಂಗಳಲ್ಲಿ ಕುವೈತ್ ಮೇಲೆ ದಾಳಿಯಾದಾಗ ಉಟ್ಟ ಬಟ್ಟೆಯಲ್ಲಿ ಮರುಭೂಮಿ ದಾಟಿ, ಅಮ್ಮಾನ್ ಸೇರಿ, ಅಲ್ಲಿಂದ ವಿಮಾನ ಹತ್ತಿದ ಹಿರಿಯ ಕನ್ನಡಿಗರ ಬಾಯಿಂದ ಆ ದಿನಗಳ ಕಥೆ ಕೇಳಿದ್ದೇನೆ. ಮನೆಯನ್ನೇ ಬಿಟ್ಟವರು ದೇವರ ಪಟವೊಂದನ್ನು ಮಾತ್ರ ಸೆರಗಿನಲ್ಲಿ ಸುತ್ತಿಕೊಂಡು ಹೊರಟಿದ್ದರಂತೆ. ಅದನ್ನು ಕೇಳಿದ ಮೇಲೆ ರಂಗನಾಯಕ ಮಂಟಪದ ಕಥೆ ನನಗೆ ಕೇವಲ ಸ್ಥಳಪುರಾಣವಾಗಿ ಉಳಿಯಲಿಲ್ಲ.

ಮೂಡಲ ಬಾಗಿಲಿನಿಂದ

ಬೆಂಗಳೂರಿನಿಂದ ತಿರುಪತಿಗೆ ರಸ್ತೆಯ ದಾರಿ ಸುಮಾರು 250 ಕಿಲೋಮೀಟರ್. ಕೋಲಾರ ದಾಟಿದ ಮೇಲೆ ಬರುವ ಮುಳಬಾಗಿಲು ಹೆಸರಿನಲ್ಲಿಯೇ ಮೂಡಲ ಬಾಗಿಲು, ಅಂದರೆ ನಾಡಿನ ಪೂರ್ವದ ಹೆಬ್ಬಾಗಿಲು. ನನ್ನ ಅಜ್ಜಿಯ ಕಾಲದಲ್ಲಿ ಎತ್ತಿನ ಗಾಡಿಗಳು ಸಾಲುಗಟ್ಟಿ ಈ ದಾರಿಯಲ್ಲಿ ಹೊರಡುತ್ತಿದ್ದವು. ಮುಳಬಾಗಿಲಿನ ಆಂಜನೇಯನಿಗೆ ಕಾಯಿ ಒಡೆಸದೆ ಯಾರೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಈ ಊರು ಕನ್ನಡದ ಭಕ್ತಿಸಾಹಿತ್ಯಕ್ಕೂ ಬಾಗಿಲು. ಹರಿದಾಸರಲ್ಲಿ ಹಿರಿಯರಾದ ಶ್ರೀಪಾದರಾಜರು ನೆಲೆಸಿದ್ದು ಇಲ್ಲಿ. ಅವರ ಬೃಂದಾವನ ಇರುವುದು ಇಲ್ಲಿನ ನರಸಿಂಹತೀರ್ಥದ ಬಳಿ. ಬನ್ನೂರಿನಲ್ಲಿ ಹುಟ್ಟಿದ ವ್ಯಾಸರಾಯರು ಶಾಸ್ತ್ರಗಳನ್ನು ಕಲಿತದ್ದು ಅವರ ಪಾದದ ಬಳಿ. ಚಂದ್ರಗಿರಿಯನ್ನು ನೆಲೆಯಾಗಿಸಿಕೊಂಡಿದ್ದ ಸಾಳುವ ನರಸಿಂಹನ ಬಯಕೆಯಂತೆ ವ್ಯಾಸರಾಯರು ತಿರುಮಲೆಯಲ್ಲಿ ಇದ್ದರೆಂದೂ, ಹನ್ನೆರಡು ವರ್ಷ ಸ್ವಾಮಿಯ ಪೂಜೆಯನ್ನು ನಡೆಸಿದರೆಂದೂ ಮಾಧ್ವ ಪರಂಪರೆ ಹೇಳುತ್ತದೆ. ಮುಂದೆ ಕೃಷ್ಣದೇವರಾಯ ಗೌರವಿಸಿದ್ದೂ, ಪುರಂದರದಾಸರಿಗೆ ಗುರುಗಳಾದದ್ದೂ ಇದೇ ವ್ಯಾಸರಾಯರು. ಹೀಗೆ ಮುಳಬಾಗಿಲು, ತಿರುಮಲೆ, ಹಂಪೆ ಈ ಮೂರೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ನಮ್ಮ ಇತಿಹಾಸದಲ್ಲಿ ಕಾಣುತ್ತವೆ.

ರಾಯನ ಏಳು ಯಾತ್ರೆ

ಕೃಷ್ಣದೇವರಾಯ ತಿರುಮಲೆಗೆ ಏಳು ಸಲ ಬಂದನೆಂಬುದು ಪ್ರಸಿದ್ಧ. ಅವನ ಕೊಡುಗೆಗಳ ಶಾಸನಗಳು ತಮಿಳು, ತೆಲುಗು, ಕನ್ನಡ ಮೂರು ನುಡಿಗಳಲ್ಲಿಯೂ ಇವೆ. ಮೊದಲ ಯಾತ್ರೆ 1513ರ ಫೆಬ್ರವರಿ 10ರದು. ಆಗ ಅವನು ನವರತ್ನದ ಕಿರೀಟವನ್ನೂ, ಕರ್ಪೂರದ ಆರತಿಗೆಂದು 25 ಬೆಳ್ಳಿಯ ತಟ್ಟೆಗಳನ್ನೂ ಒಪ್ಪಿಸಿದ. ಅದೇ ದಿನ ಅವನ ಇಬ್ಬರು ರಾಣಿಯರಾದ ತಿರುಮಲದೇವಿ, ಚಿನ್ನಾದೇವಿಯರು ಸ್ವಾಮಿಗೆ ಹಾಲು ನಿವೇದಿಸಲೆಂದು ಒಂದೊಂದು ಚಿನ್ನದ ಬಟ್ಟಲನ್ನು ಕೊಟ್ಟರು.

ಅದೇ ವರ್ಷ ಮೇ ತಿಂಗಳಲ್ಲೊಮ್ಮೆ, ಜೂನ್ ತಿಂಗಳಲ್ಲೊಮ್ಮೆ ರಾಯ ಮತ್ತೆ ಬಂದ. ಐದು ತಿಂಗಳಲ್ಲಿ ಮೂರು ಯಾತ್ರೆ! ಆ ಕಾಲದ ಸಂದರ್ಭವನ್ನು ನೆನೆದರೆ ಕಾರಣ ಊಹಿಸಬಹುದು. ಒಡಿಶಾದ ಗಜಪತಿ ಪ್ರತಾಪರುದ್ರನ ವಶದಲ್ಲಿದ್ದ ಉದಯಗಿರಿಯ ದುರ್ಗ ಸುಲಭಕ್ಕೆ ಬಗ್ಗುವಂಥದಾಗಿರಲಿಲ್ಲ. ಅದರ ಮುತ್ತಿಗೆ ಒಂದು ವರ್ಷವನ್ನೂ ಮೀರಿ ನಡೆಯಿತು. ಕೊನೆಗೆ 1514ರಲ್ಲಿ ಕೋಟೆ ಕೈವಶವಾಯಿತು. ಆ ವರ್ಷ ಜುಲೈ 6ರಂದು ರಾಯ ತಿರುಮಲೆಗೆ ಬಂದು 30,000 ಚಿನ್ನದ ನಾಣ್ಯಗಳಿಂದ ಸ್ವಾಮಿಗೆ ಕನಕಾಭಿಷೇಕ ಮಾಡಿಸಿದ. ಯುದ್ಧದ ನಡುವೆ ಮೊರೆ, ಗೆದ್ದ ಮೇಲೆ ಒಪ್ಪಿಸುವಿಕೆ: ನಮ್ಮ ಮನೆಗಳ ಹರಕೆಗೂ ಇದೇ ಕ್ರಮವಲ್ಲವೆ? ರಾಯನದು 30,000 ಹೊನ್ನಿನ ಮುಡಿಪು, ಅಷ್ಟೇ ವ್ಯತ್ಯಾಸ.

ಕಳಿಂಗದ ದಂಡಯಾತ್ರೆಯ ಬಳಿಕ 1517ರ ಜನವರಿ 2ರಂದು ಅವನು ಮತ್ತೆ ಬೆಟ್ಟವೇರಿದ. ಆನಂದನಿಲಯವೆಂಬ ಗರ್ಭಗುಡಿಯ ವಿಮಾನಕ್ಕೆ ಅವನು ಹಚ್ಚಿಸಿದ ಚಿನ್ನದ ಕೆಲಸ 1518ರಲ್ಲಿ ಮುಗಿಯಿತು. 1521ರ ಫೆಬ್ರವರಿ 17ರದು ಕೊನೆಯ ಯಾತ್ರೆ. 'ಆಮುಕ್ತಮಾಲ್ಯದ'ವೆಂಬ ತನ್ನ ತೆಲುಗು ಕಾವ್ಯವನ್ನು ರಾಯ ಅರ್ಪಿಸಿದ್ದೂ ವೆಂಕಟೇಶ್ವರನಿಗೇ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಇನ್ನೊಂದು. ಮಹಾದ್ವಾರವನ್ನು ದಾಟಿದೊಡನೆ ಸಿಗುವ ಮಂಟಪದಲ್ಲಿ ರಾಯನ ಮತ್ತು ಇಬ್ಬರು ರಾಣಿಯರ ಲೋಹದ ಪ್ರತಿಮೆಗಳು ನಿಂತಿವೆ. ಭುಜದ ಮೇಲೆ ಅವರವರ ಹೆಸರುಗಳನ್ನು ಕೆತ್ತಿದೆ. ಸಿಂಹಾಸನವಿಲ್ಲ, ಕತ್ತಿಯಿಲ್ಲ, ಮೂವರೂ ಕೈಮುಗಿದು ನಿಂತಿದ್ದಾರೆ. ಹಂಪೆಯಲ್ಲಿ ರಾಜ್ಯಭಾರವಿತ್ತು, ಗಡಿಯಲ್ಲಿ ಯುದ್ಧವಿತ್ತು. ಬೆಟ್ಟದಲ್ಲಿ ಉಳಿಯಲು ರಾಯನಿಗೆ ಬಿಡುವಿರಲಿಲ್ಲ. ಆದ್ದರಿಂದ ತನ್ನ ಬದಲು ತನ್ನ ರೂಪವನ್ನು ಅಲ್ಲಿ ನಿಲ್ಲಿಸಿ ಹೋದ. ಹಂಪೆ 1565ರಲ್ಲಿ ಹಾಳಾಯಿತು. ಅರಮನೆಗಳು ಮಣ್ಣುಗೂಡಿದವು. ಕೈಮುಗಿದ ಆ ಮೂವರು ಮಾತ್ರ ಅಲ್ಲಿಂದ ಕದಲಲಿಲ್ಲ. ಅದೇ ಮಂಟಪದಲ್ಲಿ ಅಚ್ಯುತರಾಯ ಮತ್ತು ಅವನ ರಾಣಿ ವರದಾಜಿಯಮ್ಮ, ವೆಂಕಟಪತಿರಾಯ ಇವರ ಪ್ರತಿಮೆಗಳೂ ಉಂಟು. ಒಳಗೆ ಮುಂದೆ ಸಾಗಿದರೆ 18ನೆಯ ಶತಮಾನದ ರಾಜಾ ತೋಡರಮಲ್ಲ ತನ್ನ ತಾಯಿ ಮೋಹನದೇವಿ, ಹೆಂಡತಿ ಪೀತಾಬೀಬಿಯರೊಡನೆ ನಿಂತಿದ್ದಾನೆ. ಎಲ್ಲಿಂದಲೋ ಬಂದವರು ಹೀಗೆ ತಮ್ಮನ್ನು ಬಿಟ್ಟುಹೋಗಿದ್ದಾರೆ.

ಹಾಡಿನವರು, ಛತ್ರದವರು, ರಸ್ತೆಯವರು

ಚಿನ್ನವಿಲ್ಲದವರು ಹಾಡನ್ನು ಬಿಟ್ಟು ಬಂದರು. ತಾಳ್ಳಪಾಕದ ಅನ್ನಮಾಚಾರ್ಯರ (1408-1503) ತೆಲುಗು ಸಂಕೀರ್ತನೆಗಳನ್ನು ತಾಮ್ರದ ಹಲಗೆಗಳ ಮೇಲೆ ಕೊರೆಸಿ ದೇವಸ್ಥಾನದೊಳಗಿನ ಭಂಡಾರದಲ್ಲಿಟ್ಟಿದ್ದರು. ಅವು 20ನೆಯ ಶತಮಾನದಲ್ಲಿ ಮತ್ತೆ ಬೆಳಕಿಗೆ ಬಂದವು. ಪುರಂದರದಾಸರ ಪದಗಳಿಗೆ ತಾಮ್ರದ ಹಲಗೆ ಬೇಕಾಗಲಿಲ್ಲ; ಕನ್ನಡದ ಹೆಂಗಸರ ನಾಲಿಗೆಯೇ ಅವನ್ನು ಉಳಿಸಿತು. ಬೀಸುವಾಗ, ತೊಟ್ಟಿಲು ತೂಗುವಾಗ, ಶನಿವಾರದ ಭಜನೆಯಲ್ಲಿ ಬಾಯಿಂದ ಬಾಯಿಗೆ ಬಂದ ಹಾಡುಗಳವು. ತಿರುಮಲ ತಿರುಪತಿ ದೇವಸ್ಥಾನದ ದಾಸಸಾಹಿತ್ಯ ವಿಭಾಗದವರು ನಡೆಸುವ ಮೆಟ್ಟಿಲೋತ್ಸವದಲ್ಲಿ ಕರ್ನಾಟಕದ ಭಜನಾ ಮಂಡಳಿಗಳ ಹೆಂಗಸರು ತಾಳ ಹಿಡಿದು, ದಾಸರ ಪದಗಳನ್ನು ಹಾಡುತ್ತ ಅಲಿಪಿರಿಯ ಮೆಟ್ಟಿಲು ಹತ್ತುವುದನ್ನು ಇಂದಿಗೂ ಕಾಣಬಹುದು.

ಮೈಸೂರಿನ ಒಡೆಯರ ಹೆಸರೂ ಬೆಟ್ಟದ ಮೇಲಿದೆ. ತಿರುಮಲೆಯ ಕರ್ನಾಟಕ ಛತ್ರದಲ್ಲಿ ಮೈಸೂರು ಮಹಾರಾಜರ ಜನ್ಮನಕ್ಷತ್ರದ ನೆನಪಿಗೆ ಪಲ್ಲವೋತ್ಸವ ನಡೆಯುತ್ತದೆ. ಉತ್ಸವಮೂರ್ತಿಯಾದ ಮಲಯಪ್ಪಸ್ವಾಮಿ ಶ್ರೀದೇವಿ ಭೂದೇವಿಯರೊಡನೆ ಅಲ್ಲಿಗೆ ಬಿಜಯಮಾಡುತ್ತಾನೆ. ಅರಸೊತ್ತಿಗೆ ಹೋದರೂ ಉತ್ಸವ ನಿಂತಿಲ್ಲ.

ದೇವಸ್ಥಾನದ ಆಡಳಿತ 1843ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಯಿಂದ ಹಾಥೀರಾಮ್ ಮಠದ ಮಹಂತರಿಗೆ ಹೋಯಿತು. 1933ರಲ್ಲಿ ಇಂದಿನ ದೇವಸ್ಥಾನ ಸಮಿತಿಯ ವ್ಯವಸ್ಥೆ ಬಂದಿತು. ಅಲ್ಲಿಯವರೆಗೂ ಯಾತ್ರಿಕರಿಗೆ ಮೆಟ್ಟಿಲೇ ಗತಿ. ನಡೆಯಲಾರದವರು ಡೋಲಿಯಲ್ಲಿ ಹೋಗಬೇಕಾಗಿತ್ತು. 1944ರಲ್ಲಿ ಮೊದಲ ಘಟ್ಟದ ರಸ್ತೆ ತೆರೆಯಿತು. ಅದರ ಯೋಜನೆಯಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಕೈಯಿದೆ ಎಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬೇಕು. ಎರಡನೆಯ ರಸ್ತೆ 1974ರಲ್ಲಿ ಬಂದಿತು. ಮುದುಕರೂ ರೋಗಿಗಳೂ ಕೈಗೂಸಿನ ತಾಯಂದಿರೂ ಬೆಟ್ಟವನ್ನು ಕಂಡದ್ದು ಈ ರಸ್ತೆಗಳಿಂದ. ಆ ಮಹನೀಯರು ಬೆಟ್ಟಕ್ಕೆ ಕೊಟ್ಟ ಮುಡಿಪು ಅದು ಎಂದರೆ ತಪ್ಪಾಗದು.

ಹೋಗಲಾರದವರ ತಿರುಪತಿ

ಹೋಗಲಾರದವರು ಏನು ಮಾಡುತ್ತಿದ್ದರು? ಅವರು ಬೆಟ್ಟವನ್ನೇ ತಮ್ಮ ಊರಿಗೆ ಕರೆತಂದರು. ಕರಾವಳಿಯ ಕಾರ್ಕಳದ ವೆಂಕಟರಮಣ ದೇವಾಲಯಕ್ಕೆ ಪಡುತಿರುಪತಿಯೆಂದು ಹೆಸರು. ಮಾಲೂರು ತಾಲ್ಲೂಕಿನಲ್ಲಿ ಚಿಕ್ಕತಿರುಪತಿಯಿದೆ. ಶ್ರಾವಣ ಶನಿವಾರಗಳಂದು ಹಣೆಗೆ ನಾಮವಿಟ್ಟು, ತಂಬಿಗೆ ಹಿಡಿದು, ಗೋವಿಂದನ ಹೆಸರು ಹೇಳುತ್ತ ಮಕ್ಕಳು ಮನೆಮನೆಯ ಪಡಿ ಬೇಡುತ್ತಿದ್ದರು. ಆ ಅಕ್ಕಿಯಿಂದಲೇ ಅಂದಿನ ನೈವೇದ್ಯ. ಶ್ರೀಮಂತನ ಮಗನೂ ಆ ದಿನ ಬೇಡಲೇಬೇಕು. ತಿಮ್ಮಪ್ಪ, ತಿಮ್ಮಯ್ಯ, ತಿಮ್ಮಕ್ಕ, ವೆಂಕಟಮ್ಮ ಎಂದು ಮಕ್ಕಳಿಗೆ ಹೆಸರಿಟ್ಟು ದಿನಕ್ಕೆ ನೂರು ಸಲ ಬಾಯಿತುಂಬ ಕೂಗಿದರು. ಇನ್ನು ಕೆಲವರು ಮುಡಿಪನ್ನು ಹೊರಟವರ ಕೈಗೆ ಕೊಟ್ಟರು. ಒಬ್ಬರು ತಿರುಪತಿಗೆ ಹೊರಟರೆಂದರೆ ಅವರ ಚೀಲದಲ್ಲಿ ಊರಿನ ಅರ್ಧ ಜನರ ಗಂಟುಗಳಿರುತ್ತಿದ್ದವು. ಅಪನಂಬಿಕೆಯ ಮಾತೇ ಇರಲಿಲ್ಲ. ತಿಮ್ಮಪ್ಪನ ಕಾಸನ್ನು ಮುಟ್ಟುವವರುಂಟೆ? ಅವನು ಕುಬೇರನ ಸಾಲಕ್ಕೆ ಬಡ್ಡಿಯನ್ನು ಲೆಕ್ಕಹಾಕುವ ಬಡ್ಡಿಕಾಸಿನ ದೇವರು!

ಆ ಪದ್ಧತಿ ನಮ್ಮ ಮಂಗಫ್‌ನಲ್ಲಿ ಇನ್ನೂ ಜೀವಂತವಾಗಿದೆ. ಕುವೈತ್ ನಗರದಿಂದ ದಕ್ಷಿಣಕ್ಕೆ, ಕಡಲ ಬದಿಯಲ್ಲಿರುವ ಈ ಊರಿನ ಕಟ್ಟಡಗಳಲ್ಲಿ ಭಾರತದ ಎಲ್ಲ ನುಡಿಗಳೂ ಕೇಳಿಬರುತ್ತವೆ. ಗುಡಿಗೋಪುರಗಳಿಲ್ಲ, ಪ್ರತಿ ಮನೆಯ ಕಪಾಟಿನಲ್ಲಿ ಒಂದು ದೇವರ ಗೂಡು. ನಾನು 2020ರಲ್ಲಿ, ವಿಮಾನಗಳೆಲ್ಲ ನಿಂತು ಯಜಮಾನರು ಜ್ವರದಿಂದ ಮಲಗಿದ್ದಾಗ, ಅರಿಸಿನದ ಬಟ್ಟೆಯಲ್ಲಿ ನೂರು ಫಿಲ್ಸಿನ ಹನ್ನೊಂದು ನಾಣ್ಯಗಳನ್ನು ಕಟ್ಟಿಟ್ಟಿದ್ದೆ. ಅವರು ಗುಣವಾದರು. ಗಂಟು ಮಾತ್ರ ಏನೇನೋ ಕಾರಣಗಳಿಂದ ನಾಲ್ಕು ವರ್ಷ ಅಲ್ಲಿಯೇ ಉಳಿಯಿತು.

2024ರ ಜೂನ್ 12ರ ನಸುಕಿನಲ್ಲಿ ಮಂಗಫ್‌ನ ಕಾರ್ಮಿಕರ ವಸತಿಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಿತು. ಐವತ್ತರಷ್ಟು ಜನ ತೀರಿಕೊಂಡರು. ಅವರಲ್ಲಿ ಬಹುಪಾಲು ನಮ್ಮ ದೇಶದವರು. ಸಂಬಳದ ಮುಕ್ಕಾಲು ಪಾಲನ್ನು ಮನೆಗೆ ಕಳುಹಿಸುತ್ತಿದ್ದವರು, ಮುಂದಿನ ರಜೆಗೆ ದಿನ ಎಣಿಸುತ್ತಿದ್ದವರು. ಆ ವಾರ ನಮ್ಮ ಬೀದಿಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ನಾವು ತಿರುಪತಿಗೆ ಹೊರಟ ಸುದ್ದಿ ಹರಡಿದಾಗ ಮನೆಗೆ ಒಬ್ಬೊಬ್ಬರಾಗಿ ಬಂದರು. ಎಂಟು ಗಂಟುಗಳಾದವು. ಕೊನೆಯವನು ಒಂದು ಮೆಸ್ಸಿನಲ್ಲಿ ಅಡುಗೆ ಮಾಡುವ ರಾಯಚೂರಿನ ಕಡೆಯ ಹುಡುಗ. ಊರು ಕಂಡು ಮೂರು ವರ್ಷವಾಗಿತ್ತು. ಹಳೆಯ ಅಂಗಿಯ ಚೂರಿಗೆ ಅಡುಗೆಯ ಅರಿಸಿನ ಹಚ್ಚಿ ಕಟ್ಟಿದ್ದ. "ಅಕ್ಕಾ, ಇದು ಆ ಬೆಂಕಿ ಬಿದ್ದ ವಾರ ಕಟ್ಟಿದ್ದು. ಊರಿಗೆ ಹೋಗದೇ ಹೋದರಲ್ಲ, ಅವರದ್ದೂ ಇದರಲ್ಲೇ ಸೇರಿಸೀನಿ. ಹೆಸರು ಹೇಳಬೇಕೇನ್ರಿ?" ಎಂದ. ಏನು ಹೇಳಬೇಕೆಂದು ತೋಚದೆ ಅಜ್ಜಿಯ ಮಾತನ್ನೇ ಹೇಳಿದೆ: "ಅವನಿಗೆ ಗೊತ್ತಿರುತ್ತದಪ್ಪ."

ಶ್ರೀನಿವಾಸ ಮಂಗಾಪುರದ ಕಡೆಯಿಂದ ಏರುವ ಶ್ರೀವಾರಿ ಮೆಟ್ಟಿಲಿನ ದಾರಿಯಲ್ಲಿ ನಡೆದೆವು. ಚಂದ್ರಗಿರಿಯಿಂದ ಬರುತ್ತಿದ್ದ ಕೃಷ್ಣದೇವರಾಯ ಹತ್ತುತ್ತಿದ್ದುದು ಇದೇ ದಾರಿಯೆಂದು ಹೇಳುತ್ತಾರೆ. ಮೆಟ್ಟಿಲುಗಳು 2,400ಕ್ಕೆ ಸಮೀಪ. ಅಲಿಪಿರಿಯ ದಾರಿಯಲ್ಲಾದರೆ ಸುಮಾರು 3,550. ಮಹಾದ್ವಾರ ದಾಟುವಾಗ ಸಾಲಿನ ನೂಕಿನಲ್ಲಿಯೂ ತಲೆಯೆತ್ತಿ ರಾಯನನ್ನೂ ರಾಣಿಯರನ್ನೂ ನೋಡಿದೆ. ಸ್ವಾಮಿಯ ದರ್ಶನ ಎಂದಿನಂತೆ ಕಣ್ಣುಮಿಟುಕಿಸುವಷ್ಟು ಹೊತ್ತು. ಹೊರಬಂದು ಬಟ್ಟೆ ಕಟ್ಟಿದ ದೊಡ್ಡ ಹುಂಡಿಯ ಮುಂದೆ ನಿಂತು ಒಂದೊಂದಾಗಿ ಗಂಟುಗಳನ್ನು ಒಳಗೆ ಬಿಟ್ಟೆ. ನನ್ನದು ಮೊದಲು, ಅಂಗಿಯ ಚೂರಿನದು ಕೊನೆಗೆ. ಯಾವುದನ್ನೂ ಬಿಚ್ಚಿ ಎಣಿಸಲಿಲ್ಲ.

ರಾಯನ ಕೊಡುಗೆಗೆ ಶಾಸನವಿದೆ, ತಿರುಮಲದೇವಿಯ ಬಟ್ಟಲಿಗೆ ಶಾಸನವಿದೆ, ಸಾಮವೈಯ ಬೆಳ್ಳಿಗೂ ಶಾಸನವಿದೆ. ಪರಕಾಮಣಿಯಲ್ಲಿ ಎಣಿಸಿ ರಾಶಿಗೆ ಸೇರುವ ಮುಡಿಪುಗಳಿಗೆ ಯಾವ ಕಲ್ಲಿನ ಬರಹವೂ ಇಲ್ಲ. ಆದರೂ ಬೆಟ್ಟವನ್ನು ಸಾವಿರ ವರ್ಷ ಕಾಪಾಡಿಕೊಂಡು ಬಂದವರಲ್ಲಿ ಹೆಸರಿಲ್ಲದ ಈ ಗಂಟುಗಳನ್ನು ಕಟ್ಟಿದ ತಾಯಂದಿರೂ ದುಡಿಯುವ ಮಕ್ಕಳೂ ಮುಖ್ಯರು. ಅವರ ಮಾತನ್ನು ಒಂದು ಪುಟದಲ್ಲಾದರೂ ಬರೆದಿಡಬೇಕೆನಿಸಿತು. ಅದಕ್ಕಾಗಿ ಈ ಲೇಖನ.

ದೇಶದೇಶಗಳಿಂದ ಈ ಸಮ್ಮೇಳನಕ್ಕೆ ಬಂದು ಕಲೆತಿರುವ ಕನ್ನಡ ಬಂಧುಗಳ ಮನೆಗಳಲ್ಲಿಯೂ ಎಲ್ಲೋ ಒಂದು ಮೂಲೆಯಲ್ಲಿ ಅಂತಹ ಗಂಟೊಂದು ಇದ್ದೀತು. ಅದನ್ನು ಯಾರು, ಯಾವಾಗ, ಯಾರಿಗಾಗಿ ಕಟ್ಟಿದರೆಂಬುದನ್ನು ನಿಮ್ಮ ಮಕ್ಕಳಿಗೆ ಹೇಳಿ. ಮುಂದಿನ ಸಲ ಊರಿಗೆ ಹೊರಡುವಾಗ ಪಕ್ಕದ ಮನೆಯ ಬಾಗಿಲನ್ನೂ ಒಮ್ಮೆ ತಟ್ಟಿ, ರಜೆ ಸಿಗದವರ ಮುಡಿಪಿದ್ದರೆ ಕೇಳಿ ಪಡೆದುಕೊಳ್ಳಿ. ಎಲ್ಲರಿಗೂ ಶುಭವಾಗಲಿ.